ಕಿವಿಯ ಹಿಂದಿನ ತೂಬು

ಮಕ್ಕಳೇ, ಈ ವಾರ ಬಡ್ಡಿ ಲೆಕ್ಕವಿಲ್ಲ, ಒಗಟೂ ಇಲ್ಲ. ನನ್ನ ಮೊಮ್ಮಗಳ ತಲೆನೋವಿನ ವಿಷಯ ಬರೆಯುತ್ತಿದ್ದೇನೆ. ಬರೆಯಲೇನವ್ವಾ ಎಂದು ಕೇಳಿದಾಗ ಅವಳು ಎರಡು ಷರತ್ತು ಹಾಕಿದಳು. ಒಂದು, ಅವಳ ಹೆಸರು ಹಾಕಬಾರದು. ಎರಡನೆಯದು, "ನಿನ್ನ ತಪ್ಪೂ ಬರೀಬೇಕು ನೋಡಜ್ಜಾ, ಬಿಡಂಗಿಲ್ಲ." ಬ್ಯಾಂಕಿನ ಕೌಂಟರಿನ ಹಿಂದೆ ಮೂವತ್ತಾರು ವರ್ಷ ಕೂತವನು ನಾನು. ಷರತ್ತಿಗೆ ಒಪ್ಪಿದ ಮೇಲೆ ಮುಗಿಯಿತು.

ಅವಳಿಗೀಗ ಹನ್ನೊಂದು ವರ್ಷ. ಗಂಗಾವತಿಯಲ್ಲಿ ಅವಳಪ್ಪನದು ಬೀಜ-ಗೊಬ್ಬರದ ಅಂಗಡಿ. ರಜೆ ಬಂತೆಂದರೆ ಕೊಪ್ಪಳದ ನಮ್ಮ ಮನೆಯಲ್ಲಿ ಹಾಜರು. ಓಡುತ್ತಾಳೆ, ಜಗಳ ಕಾಯುತ್ತಾಳೆ, ಚೌಕಾಬಾರದಲ್ಲಿ ನನಗೇ ಮೋಸ ಮಾಡುತ್ತಾಳೆ. ಬಲಗಿವಿಯ ಹಿಂದೆ ಕೂದಲು ಸರಿಸಿದರೆ ಹುಣಸೆಬೀಜದಷ್ಟು ಒಂದು ಉಬ್ಬು ಕಾಣುತ್ತದೆ. ಅಲ್ಲಿಂದ ಒಂದು ಸಣ್ಣ ಕೊಳವೆ ಚರ್ಮದ ಅಡಿಯಲ್ಲೇ ಕುತ್ತಿಗೆ ಇಳಿದು, ಎದೆ ದಾಟಿ, ಹೊಟ್ಟೆಯೊಳಗೆ ಹೋಗುತ್ತದೆ. ಕುತ್ತಿಗೆಯ ಹತ್ತಿರ ಬೆರಳಿಟ್ಟರೆ ಕೈಗೆ ಹತ್ತುತ್ತದೆ. ಯಾರಾದರೂ ಕೇಳಿದರೆ "ಅದು ನನ್ನ ಕಾಲುವಿ" ಎನ್ನುತ್ತಾಳೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಉಂಡ ಊರಿನ ಹುಡುಗಿ, ಇನ್ನೇನು ಅಂದಾಳು!

ನಮ್ಮೆಲ್ಲರ ಮಿದುಳಿನೊಳಗೆ ಚಿಕ್ಕ ಚಿಕ್ಕ ಕೋಣೆಗಳಿವೆ. ಅಲ್ಲಿ ತಿಳಿನೀರಿನಂಥ ಒಂದು ದ್ರವ ಹಗಲೂ ರಾತ್ರಿ ಒಸರುತ್ತಲೇ ಇರುತ್ತದೆ. ದೊಡ್ಡವರಲ್ಲಿ ದಿನಕ್ಕೆ ಸುಮಾರು ಅರ್ಧ ಲೀಟರ್. ಆದರೆ ಯಾವ ಹೊತ್ತಿನಲ್ಲಿ ಅಳೆದರೂ ಒಳಗಿರುವುದು ಸುಮಾರು 150 ಮಿಲಿಲೀಟರ್ ಮಾತ್ರ. ಮಿಕ್ಕದ್ದು ಎಲ್ಲಿ ಹೋಯಿತು? ಮಿದುಳನ್ನೂ ಬೆನ್ನುಹುರಿಯನ್ನೂ ಸುತ್ತಿ ಬಂದು ರಕ್ತಕ್ಕೆ ಸೇರಿಕೊಂಡಿತು. ಜಮೆ ಎಷ್ಟೋ ಖರ್ಚೂ ಅಷ್ಟೇ. ದಿನದ ಕೊನೆಗೆ ಶಿಲ್ಕು ತಾಳೆಯಾಗಬೇಕು. ಕೆಲವು ಮಕ್ಕಳಲ್ಲಿ ಈ ದ್ರವ ಹೊರಹೋಗುವ ದಾರಿ ಹುಟ್ಟಿನಿಂದಲೇ ಕಟ್ಟಿರುತ್ತದೆ, ಅಥವಾ ಮಿದುಳು ಜ್ವರದಂಥ ಕಾಯಿಲೆಯ ನಂತರ ಕಟ್ಟುತ್ತದೆ. ಜಮೆ ನಿಲ್ಲುವುದಿಲ್ಲ, ಖರ್ಚು ನಿಂತುಬಿಡುತ್ತದೆ. ಒಳಗಿನ ಒತ್ತಡ ಏರುತ್ತದೆ. ಇದಕ್ಕೆ ವೈದ್ಯರು ಹೈಡ್ರೊಸೆಫಾಲಸ್ ಎನ್ನುತ್ತಾರೆ. ನಮ್ಮ ಕಡೆ ತಲೆಯಲ್ಲಿ ನೀರು ತುಂಬಿದೆ ಎನ್ನುತ್ತಾರೆ. ಹೆಚ್ಚಾದ ನೀರನ್ನು ಹೊಟ್ಟೆಗೆ ಇಳಿಸಲು ಹಾಕುವ ಕೊಳವೆಯೇ ಶಂಟ್. ಕಿವಿಯ ಹಿಂದಿನ ಉಬ್ಬು ಅದರ ತೂಬು. ಒಳಗಿನ ಒತ್ತಡ ಒಂದು ಮಟ್ಟ ದಾಟಿದರೆ ಮಾತ್ರ ಅದು ನೀರು ಬಿಡುತ್ತದೆ, ಹಿಂದಕ್ಕೆ ಬರಗೊಡುವುದಿಲ್ಲ.

ನಮ್ಮ ಹುಡುಗಿಗೆ ಆರು ತಿಂಗಳಿದ್ದಾಗ ತಲೆ ದೊಡ್ಡದಾಗಿ ಕಂಡಿತು. "ತಲಿ ದೊಡ್ಡದಿದ್ರ ಶಾಣ್ಯಾ ಆಗ್ತಾಳ ಬಿಡ್ರಿ" ಎಂದು ಬಂದವರೆಲ್ಲ ಹೇಳಿ ಹೋದರು. ನಾವೂ ಖುಷಿಪಟ್ಟೆವು. ಟೇಪು ಹಿಡಿದು ತಲೆಯ ಸುತ್ತಳತೆ ನೋಡಿ, ಮುಂದಿನ ತಿಂಗಳು ಮತ್ತೆ ನೋಡಿ, ಇದು ಸರಿಯಿಲ್ಲ ಎಂದವರು ಅಂಗನವಾಡಿಯ ಕಾರ್ಯಕರ್ತೆ. ಏಳು ತಿಂಗಳಿಗೆ ಹುಬ್ಬಳ್ಳಿಯಲ್ಲಿ ಶಂಟ್ ಹಾಕಿದರು. ನಾಲ್ಕು ವರ್ಷಕ್ಕೆ ಅದು ಕಟ್ಟಿಕೊಂಡಿತು, ಬದಲಾಯಿಸಿದರು. ಅದು ಅಪರೂಪವೇನಲ್ಲ. ಮಕ್ಕಳಿಗೆ ಹಾಕಿದ ಶಂಟ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎರಡು ವರ್ಷದೊಳಗೇ ತೊಂದರೆ ಕೊಡುತ್ತವೆ ಎಂದು ವೈದ್ಯರು ಮೊದಲೇ ಹೇಳಿದ್ದರು. ನಮ್ಮದು ಮೂರು ವರ್ಷ ದಾಟಿತ್ತು.

ಶಂಟ್ ಇರುವ ಮನೆಯಲ್ಲಿ ತಲೆನೋವು ಎಂಬ ಶಬ್ದಕ್ಕೆ ಬೇರೆಯದೇ ತೂಕ. ನಿಮ್ಮ ಮನೆಯಲ್ಲಿ ಮಗು ತಲೆನೋವು ಎಂದರೆ ಹೋಂವರ್ಕ್ ಮುಗಿದಿಲ್ಲ ಎಂದು ಅರ್ಥವಿರಬಹುದು. ನಮ್ಮ ಮನೆಯಲ್ಲಿ ಎಲ್ಲರೂ ಎದ್ದು ನಿಲ್ಲುತ್ತಿದ್ದೆವು. 2022ರ ದೀಪಾವಳಿಯ ಹೊತ್ತಿಗೆ ಅವಳು ತಲೆನೋವು ಎಂದಳು. ಅವಳಪ್ಪ ಅಂಗಡಿಯ ಬಾಗಿಲು ಹಾಕಿದ, ಕಾರು ಮಾಡಿಕೊಂಡು ಹುಬ್ಬಳ್ಳಿಗೆ ಓಡಿದೆವು, ದಾರಿಯುದ್ದಕ್ಕೂ ಅವಳವ್ವ ಅತ್ತಳು. ಸ್ಕ್ಯಾನ್ ಮಾಡಿದರು. ಎಲ್ಲ ಸರಿಯಾಗಿದೆ, ನೆಗಡಿಯ ತಲೆನೋವು, ಮನೆಗೆ ಹೋಗಿ ಎಂದರು. ದೇವರು ದೊಡ್ಡವನು ಎನ್ನುವುದನ್ನು ಬಿಟ್ಟು, ವಾಪಸು ಬರುವಾಗ ಕಾರಿನ ಮುಂದಿನ ಸೀಟಿನಲ್ಲಿ ಕೂತು ನಾನು ಹೇಳಿದೆ: "ಸುಮ್ ಸುಮ್ನ ಹದಿನಾಲ್ಕು ಸಾವಿರ ಹೋತು." ಹಿಂದೆ ಅವ್ವನ ತೊಡೆಯ ಮೇಲೆ ಅವಳು ಮಲಗಿದ್ದಾಳೆ ಎಂದುಕೊಂಡಿದ್ದೆ. ಮಲಗಿರಲಿಲ್ಲ.

ನನ್ನ ತಪ್ಪು ಇದೇ, ಬರೆದಿದ್ದೇನೆ.

ಮುಂದಿನ ಜನವರಿಯಲ್ಲಿ ಗವಿಮಠದ ಜಾತ್ರೆಗೆ ಬಂದಳು. ಕೊಪ್ಪಳದ ಜಾತ್ರೆ ಎಂದರೆ ನಿಮಗೆ ಗೊತ್ತಲ್ಲ, ಬೆಟ್ಟದ ಬುಡದಲ್ಲಿ ನೆಲ ಕಾಣದಷ್ಟು ಜನ, ದಾಸೋಹದ ರೊಟ್ಟಿಯ ರಾಶಿ, ಮಿರ್ಚಿ ಬಜ್ಜಿಯ ಘಾಟು. ತೇರು ಎಳೆಯುವ ಹೊತ್ತಿಗೆ ನನ್ನ ಹೆಗಲ ಮೇಲೆ ಹತ್ತಿ ಕೂರುವವಳು ಅವಳು. ಆ ಸಲ ದಾಸೋಹದ ಪಂಕ್ತಿಯಲ್ಲಿ ರೊಟ್ಟಿ ಚೂರು ಕೈಯಲ್ಲಿ ಹಿಡಿದುಕೊಂಡೇ ತೂಕಡಿಸಿದಳು. ನಾನು, ದಣಿದಿದ್ದಾಳೆ ಎಂದೆ. ನನ್ನ ಹೆಂಡತಿ ಅವಳ ಗಲ್ಲ ಹಿಡಿದು ನೋಡಿದಳು. "ಈ ಗದ್ದಲದಾಗ ಮಲಗೋ ಹುಡುಗಿ ಅಲ್ರೀ ಇದು" ಎಂದಳು. ಮನೆಗೆ ತಂದು ಮಲಗಿಸಿದರೆ ಎಬ್ಬಿಸಿದಾಗ ಏಳಲಿಲ್ಲ, ಎದ್ದಾಗ ವಾಂತಿ.

ಜಿಲ್ಲಾ ಆಸ್ಪತ್ರೆಯಲ್ಲಿ ತಡಮಾಡದೆ ಹುಬ್ಬಳ್ಳಿಗೆ ಕಳಿಸಿದರು. ಎರಡು ತಾಸಿನ ದಾರಿ ಅಂದು ಎಷ್ಟು ಉದ್ದವಿತ್ತೋ ನಾನು ಹೇಳಲಾರೆ. ಕೊಳವೆಯ ಮೇಲಿನ ತುದಿ ಕಟ್ಟಿತ್ತು. ರಾತ್ರಿಯೇ ಶಸ್ತ್ರಚಿಕಿತ್ಸೆ ಮಾಡಿದರು. ಮರುದಿನ ಮಧ್ಯಾಹ್ನ ಕಣ್ಣು ತೆರೆದು ನನ್ನನ್ನು ನೋಡಿ ಅವಳು ಕೇಳಿದ ಮೊದಲ ಮಾತು, "ಅಜ್ಜಾ, ಎಷ್ಟ ಖರ್ಚಾತು?"

ಆಮೇಲೆ ಒಂದೊಂದೇ ಹೊರಬಿತ್ತು. ಜಾತ್ರೆಗೆ ಮೊದಲು ನಾಲ್ಕು ಬೆಳಗ್ಗೆ ಸತತವಾಗಿ ತಲೆನೋವು ಬಂದಿತ್ತು. ಎರಡು ಸಲ ಬಚ್ಚಲಿನಲ್ಲಿ ನಳ ಬಿಟ್ಟುಕೊಂಡು, ಸದ್ದು ಕೇಳದ ಹಾಗೆ, ವಾಂತಿ ಮಾಡಿಕೊಂಡಿದ್ದಳು. ಎಂಟು ವರ್ಷದ ಮಗು ಅಜ್ಜನ ಹದಿನಾಲ್ಕು ಸಾವಿರ ಉಳಿಸಲು ಹೊರಟಿತ್ತು.

ಪಕ್ಕದ ಮಂಚದಲ್ಲಿ ಯಲಬುರ್ಗಾ ಕಡೆಯ ಹಳ್ಳಿಯ ಒಬ್ಬ ತಾಯಿ ಇದ್ದಳು. ಅವಳ ಮಗನಿಗೆ ಹುಟ್ಟುವಾಗಲೇ ಬೆನ್ನಹುರಿಯ ಮೇಲೆ ಗಂಟು, ಅದರ ಜತೆಗೇ ತಲೆಯಲ್ಲಿ ನೀರು. (ಹೆಣ್ಣುಮಕ್ಕಳು ಬಸಿರಾಗುವ ಮೊದಲಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಮಾತ್ರೆ ತೆಗೆದುಕೊಂಡರೆ ಇಂಥ ಬೆನ್ನಹುರಿಯ ತೊಂದರೆಗಳನ್ನು ಬಹುಮಟ್ಟಿಗೆ ತಡೆಯಬಹುದು. ಮನೆಯಲ್ಲಿ ಹೊಸ ಸೊಸೆ ಇದ್ದರೆ ಇದನ್ನು ಓದಿಸಿ.) ಮೂರನೇ ಸಲ ಶಂಟ್ ಕಟ್ಟಿ ಬಂದಿದ್ದರು. ಎರಡು ಬಸ್ಸು ಬದಲಿಸಿ, ಮಗನನ್ನು ಹೆಗಲ ಮೇಲೆ ಹೊತ್ತು ತಂದಿದ್ದಳು. 2025ರಲ್ಲಿ ಕುಷ್ಟಗಿಯಿಂದ ಹುಬ್ಬಳ್ಳಿಗೆ ರೈಲು ಹೊರಟಾಗ ನನಗೆ ಮೊದಲು ನೆನಪಾದವಳು ಅವಳೇ. "ನಿಮಗ ಹೆಂಗ ಗೊತ್ತಾಕ್ಕೈತವ್ವಾ, ಕಟ್ಟೈತಿ ಅಂತ?" ಎಂದು ಕೇಳಿದೆ. ಅವಳೆಂದಳು, "ನನ್ನ ಮಗ ಮೂರೂ ಸಲ ಮೊದ್ಲು ನಗೋದು ಬಿಟ್ಟಾನ್ರೀ. ತಲಿನೋವು ಆಮ್ಯಾಲೆ."

ನಾನು ಬೆಚ್ಚಿದೆ. ಬ್ಯಾಂಕಿನಲ್ಲಿ ನಾವು ಇದಕ್ಕೆ ಮಾದರಿ ಸಹಿ ಎನ್ನುತ್ತೇವೆ. ಚೆಕ್ಕು ಬಂದಾಗ ಗುಮಾಸ್ತ ಮಾಡುವ ಕೆಲಸವೇನು? ಖಾತೆ ತೆರೆದ ದಿನ ಗ್ರಾಹಕ ಮಾಡಿದ ಸಹಿಯನ್ನು ತೆಗೆದು ಪಕ್ಕಕ್ಕಿಟ್ಟು ನೋಡುವುದು. ಆ ತಾಯಿ ಓದಿದವಳಲ್ಲ, ಆದರೆ ಮಗನ ಮಾದರಿ ಸಹಿ ಅವಳಿಗೆ ಬಾಯಿಪಾಠವಾಗಿತ್ತು. ನಮ್ಮ ಮನೆಯಲ್ಲಿ ಬಿ.ಕಾಂ. ಓದಿದವನಿದ್ದೂ ಮೊಮ್ಮಗಳ ತಲೆನೋವುಗಳಲ್ಲಿ ಯಾವುದು ಅಸಲಿ, ಯಾವುದು ಸಾದಾ ಎಂದು ನೋಡುವ ಒಂದು ಪುಸ್ತಕ ಇರಲಿಲ್ಲ.

ಮನೆಗೆ ಬಂದ ವಾರವೇ ಕೆಂಪು ರಟ್ಟಿನ ಉದ್ದ ಪುಸ್ತಕ ತಂದೆ. ಕಲಮುಗಳನ್ನು ಇಬ್ಬರೂ ಸೇರಿ ಹಾಕಿದೆವು. ದಿನಾಂಕ, ಹೊತ್ತು, ಎಲ್ಲಿ ನೋವು, ಎದ್ದು ಕೂತಾಗ ಹೆಚ್ಚೋ ಮಲಗಿದಾಗ ಹೆಚ್ಚೋ, ವಾಂತಿ ಇತ್ತೇ, ಏನು ತಿಂದಳು, ಎಷ್ಟು ನೀರು ಕುಡಿದಳು, ಮಾತ್ರೆ ಕೊಟ್ಟದ್ದು ಎಷ್ಟಕ್ಕೆ, ಇಳಿದದ್ದು ಎಷ್ಟಕ್ಕೆ. ನೋವು ಎಷ್ಟು ಎನ್ನುವುದಕ್ಕೆ ಆಸ್ಪತ್ರೆಯವರು ಸೊನ್ನೆಯಿಂದ ಹತ್ತು ಅಂಕಿ ಹೇಳಿಕೊಟ್ಟಿದ್ದರು. ಅದು ಅವಳಿಗೆ ಹಿಡಿಸಲಿಲ್ಲ, ಪರೀಕ್ಷೆಯ ಅಂಕದ ಹಾಗಿದೆ ಎಂದಳು. ಅಡುಗೆಮನೆಗೆ ಹೋಗಿ ತನ್ನದೇ ಅಳತೆ ತಂದಳು: ಸಾಸಿವೆ, ಕಡಲೆ, ಲಿಂಬೆಹಣ್ಣು, ತೆಂಗಿನಕಾಯಿ. ಈಗಲೂ ಫೋನಿನಲ್ಲಿ "ಅಜ್ಜಾ, ಇವತ್ತ ಕಡ್ಲಿ" ಎಂದರೆ ನನಗೆ ಅರ್ಥವಾಗುತ್ತದೆ. ಇನ್ನೊಂದು ಕರಾರನ್ನೂ ಮಾಡಿಕೊಂಡೆವು. ಅವಳು ಹೇಳಿದಾಗ ಯಾರೂ ಅಳಬಾರದು, ಯಾರೂ ರೊಕ್ಕದ ಮಾತು ಎತ್ತಬಾರದು. ಮೊದಲು ಪುಸ್ತಕ ತೆಗೆಯಬೇಕು.

ಮೂರು ತಿಂಗಳಾಗುವಷ್ಟರಲ್ಲಿ ಪುಸ್ತಕ ಮಾತಾಡತೊಡಗಿತು. ಸಾಸಿವೆ-ಕಡಲೆ ನೋವುಗಳೆಲ್ಲ ಶಾಲೆಯ ದಿನಗಳಲ್ಲಿ ಮಧ್ಯಾಹ್ನ ಮೂರರ ನಂತರ. ಭಾನುವಾರ ಒಂದೂ ಇಲ್ಲ. ಮನೆಗೆ ಬಂದು ಅರ್ಧ ತಾಸು ಅಡ್ಡಾದರೆ ಮಾಯ. ನೀರಿನ ಕಲಮು ನೋಡಿದರೆ ಬಾಟಲಿ ಹೋದ ಹಾಗೆಯೇ ತುಂಬಿ ವಾಪಸು ಬಂದಿದೆ. ಕೇಳಿದೆವು. ಶಾಲೆಯ ಶೌಚಾಲಯಕ್ಕೆ ಹೋಗಲು ಅವಳಿಗೆ ಮನಸ್ಸಿಲ್ಲ, ಅದಕ್ಕೆ ನೀರೇ ಕುಡಿಯುತ್ತಿರಲಿಲ್ಲ. ನಮ್ಮ ಜಿಲ್ಲೆಯ ಏಪ್ರಿಲ್ ಬಿಸಿಲಿನಲ್ಲಿ ನೀರು ಕುಡಿಯದ ಮಗುವಿಗೆ ಶಂಟ್ ಇಲ್ಲದಿದ್ದರೂ ತಲೆ ಸಿಡಿಯುತ್ತದೆ. ಟೀಚರಮ್ಮನವರ ಹತ್ತಿರ ಮಾತಾಡಿದ ಮೇಲೆ ಅವರು ತಮ್ಮ ಶೌಚಾಲಯದ ಬೀಗದ ಕೈ ಕೊಟ್ಟರು. ಅರ್ಧ ತಲೆನೋವು ಅಲ್ಲಿಗೆ ಮುಗಿಯಿತು.

ಇನ್ನೊಂದು ಬಗೆಯ ನೋವು ಕಿವಿಯ ಹಿಂದೆಯೇ, ಮುಟ್ಟಿದರೆ ಉರಿ. ಅದಕ್ಕೆ ಕಾರಣ ಹೊಸ ಕನ್ನಡಕದ ಕಡ್ಡಿ, ಜತೆಗೆ ಅವಳವ್ವ ಬಿಗಿಯಾಗಿ ಎಳೆದು ಹಾಕುತ್ತಿದ್ದ ಎರಡು ಜಡೆ. ಕಡ್ಡಿ ಸಡಿಲಿಸಿದೆವು, ಜಡೆ ಎಡಕ್ಕೆ ಹೋಯಿತು. ಕುತ್ತಿಗೆಯ ಬಲಭಾಗ ಆಗಾಗ ಹಗ್ಗದ ಹಾಗೆ ಬಿಗಿಯುತ್ತದೆ, ಮುಖ್ಯವಾಗಿ ಅವಳು ಒಮ್ಮೆಲೇ ಉದ್ದವಾದಾಗ. ಮಗು ಬೆಳೆಯುತ್ತದೆ, ಕೊಳವೆ ಬೆಳೆಯುವುದಿಲ್ಲ. ಹೊಟ್ಟೆಯಲ್ಲಿ ಉದ್ದ ಬಿಟ್ಟಿರುತ್ತಾರೆ, ಆದರೂ ಸುತ್ತಲಿನ ಗಾಯದ ಗೆರೆ ಎಳೆಯುತ್ತದೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಇಟ್ಟರೆ ಹಾಯೆನಿಸುತ್ತದೆ. ಬಿಗಿತ ಹೆಚ್ಚಾಗುತ್ತ ಹೋದರೆ ಎಕ್ಸ್-ರೇ ತೆಗೆದು ಕೊಳವೆ ತುಂಡಾಗಿದೆಯೇ ಎಂದು ವೈದ್ಯರು ನೋಡುತ್ತಾರೆ.

ಹರಳೆಣ್ಣೆ ಹಾಕಿ ತಲೆ ತಟ್ಟುವುದು ನನ್ನ ಹೆಂಡತಿಯ ಪರಮೌಷಧ. ಅದನ್ನು ಬಿಡಿಸಲು ನನ್ನಿಂದಾಗಲಿಲ್ಲ, ವೈದ್ಯರಿಂದಲೂ ಆಗಲಿಲ್ಲ. ಕೊನೆಗೆ ರಾಜಿಯಾಯಿತು. ಎಡಗಡೆ ಎಷ್ಟು ಬೇಕಾದರೂ ತಟ್ಟಬಹುದು. ಬಲಗಡೆ ಉಬ್ಬನ್ನೂ ಕೊಳವೆಯನ್ನೂ ಒತ್ತಬಾರದು, ತಿಕ್ಕಬಾರದು, ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಬಾರದು. ಮಲಬದ್ಧತೆಯ ಮಾತು ನನಗೆ ಹೊಸದಾಗಿತ್ತು. ಹೊಟ್ಟೆ ಕಟ್ಟಿದರೆ ಒಳಗಿನ ಒತ್ತಡ ಏರಿ, ಮೇಲಿಂದ ಬರುವ ನೀರು ಇಳಿಯಲು ಕಷ್ಟವಾಗುತ್ತದಂತೆ. ಕಾಲುವೆಯ ಕೊನೆಯ ಹೊಲದಲ್ಲಿ ನೀರು ನಿಂತಿದ್ದರೆ ಮೇಲಿನದು ಎಲ್ಲಿಗೆ ಹರಿಯಬೇಕು? ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ನೀರು, ಇವುಗಳಿಂದಲೇ ಎರಡು ತಲೆನೋವು ಕಡಿಮೆಯಾದದ್ದು ಪುಸ್ತಕದಲ್ಲಿದೆ.

ಮಾತ್ರೆಯ ವಿಷಯದಲ್ಲಿ ನಮ್ಮದು ಜಿಪುಣ ಖಾತೆ. ಪ್ಯಾರಾಸಿಟಮಾಲ್ ಮಾತ್ರ, ಅದೂ ಅವಳ ತೂಕ ನೋಡಿ ವೈದ್ಯರು ಬರೆದಷ್ಟೇ. ಮಕ್ಕಳಿಗೆ ಆಸ್ಪಿರಿನ್ ಕೂಡದು. ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ, ತಿಂಗಳುಗಟ್ಟಲೆ ನುಂಗುತ್ತ ಹೋದರೆ ಮಾತ್ರೆಯೇ ತಲೆನೋವು ತರುತ್ತದೆ. ಸಾಲ ತೀರಿಸಲು ಸಾಲ ಮಾಡಿದ ಹಾಗೆ. ಹಾಗೆಂದು ಶಸ್ತ್ರಚಿಕಿತ್ಸೆಯಾದ ಮೊದಲ ದಿನಗಳಲ್ಲಿ ಮಾತ್ರೆ ತಪ್ಪಿಸಿ ಮಗು ನರಳಲಿ ಎಂದು ಬಿಡಬಾರದು. ಆಗ ನಾವು ಗಡಿಯಾರ ನೋಡಿ ಹೊತ್ತಿಗೆ ಸರಿಯಾಗಿ ಕೊಟ್ಟೆವು.

ಆದರೆ ಕೆಲವು ನಮೂದುಗಳಿಗೆ ಮಾತ್ರೆ ಕೊಟ್ಟು ಕಾಯುವಂತಿಲ್ಲ. ಅವನ್ನು ಪುಸ್ತಕದ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಬೆಳಗ್ಗೆ ಏಳುವಾಗಲೇ ಇದ್ದು ದಿನದಿಂದ ದಿನಕ್ಕೆ ಹೆಚ್ಚುವ ತಲೆನೋವು. ಮತ್ತೆ ಮತ್ತೆ ವಾಂತಿ. ಹೊತ್ತಲ್ಲದ ಹೊತ್ತಿನ ಮಂಪರು. ಒಂದು ವಸ್ತು ಎರಡಾಗಿ ಕಾಣುವುದು, ನಡಿಗೆ ತಪ್ಪುವುದು. ಜ್ವರ, ಕೊಳವೆಯ ದಾರಿಯಲ್ಲಿ ಕೆಂಪು ಅಥವಾ ಬಾವು, ಹೊಟ್ಟೆನೋವು. ಕೂಸುಗಳಲ್ಲಾದರೆ ನೆತ್ತಿ ಉಬ್ಬುವುದು, ಕಣ್ಣುಗುಡ್ಡೆ ಕೆಳಕ್ಕೆ ವಾಲುವುದು. ಇವುಗಳಲ್ಲಿ ಯಾವುದು ಕಂಡರೂ ರಾತ್ರಿಯೋ ಹಗಲೋ ನೋಡದೆ ಹೊರಡುವುದು. ಹೊರಡುವಾಗ ಹಳೆಯ ಸ್ಕ್ಯಾನ್ ಚೀಲ ಕೈಯಲ್ಲಿರಬೇಕು. ಚೆನ್ನಾಗಿದ್ದಾಗ ತೆಗೆದ ಸ್ಕ್ಯಾನ್ ಇದೆಯಲ್ಲ, ವೈದ್ಯರಿಗೆ ಅದೇ ಮಾದರಿ ಸಹಿ. 2022ರಲ್ಲಿ ನಾನು ಸುಮ್ನೆ ಹೋಯಿತು ಎಂದ ಹದಿನಾಲ್ಕು ಸಾವಿರದ ಸ್ಕ್ಯಾನನ್ನೇ ಜಾತ್ರೆಯ ರಾತ್ರಿ ಪಕ್ಕಕ್ಕಿಟ್ಟು ನೋಡಿ, ಕೋಣೆಗಳು ಎಷ್ಟು ಹಿಗ್ಗಿವೆ ಎಂದು ಐದು ನಿಮಿಷದಲ್ಲಿ ಹೇಳಿದ್ದು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. 33 ಗೇಟುಗಳಲ್ಲಿ ಒಂದು, ಆದರೆ ನಮ್ಮ ಜಿಲ್ಲೆಯಲ್ಲಿ ಅಂದು ನಿದ್ದೆ ಮಾಡಿದವರು ಕಡಿಮೆ. ಟಿವಿಯ ಮುಂದೆ ಕೂತಿದ್ದ ಅವಳು ಕೇಳಿದಳು, "ಅಜ್ಜಾ, ನನ್ನ ಗೇಟ್ ಕಿತ್ತರ?" ಸುಮ್ಮನೆ ಏನೋ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ನಿಜವನ್ನೇ ಹೇಳಿದೆ. ಶಂಟ್ ಕಟ್ಟುವುದೂ ಉಂಟು, ಬೇಕಾದ್ದಕ್ಕಿಂತ ಹೆಚ್ಚು ಹರಿಸುವುದೂ ಉಂಟು. ಹೆಚ್ಚು ಹರಿದರೆ ಎದ್ದು ನಿಂತಾಗ ತಲೆನೋವು, ಮಲಗಿದರೆ ಇಳಿಯುತ್ತದೆ. ನಿನ್ನ ಮಧ್ಯಾಹ್ನದ ನೋವುಗಳೂ ಹಾಗೇ ಇದ್ದವು, ಅದಕ್ಕೇ ಪುಸ್ತಕವನ್ನು ಡಾಕ್ಟರಿಗೆ ತೋರಿಸಿದೆವು, ಅವರು ಪರೀಕ್ಷಿಸಿ ತೂಬು ಸರಿಯಿದೆ ಎಂದರು ಎಂದೆ. ನಿವೃತ್ತರಾಗಿದ್ದ ಕನ್ನಯ್ಯ ನಾಯ್ಡು ಅವರು ಬಂದು, ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದ ದಿನ ಅವಳು ಚಪ್ಪಾಳೆ ತಟ್ಟಿದಳು. ನಿವೃತ್ತರಿಗೂ ಕೆಲಸವಿದೆ ಎಂದು ನಾನೂ ತಟ್ಟಿದೆ.

"ನನ್ನ ಗೇಟ್ ಮಾಡಿದವ್ರು ಯಾರು?" ಎಂಬುದು ಅದರ ಬೆನ್ನಿಗೇ ಬಂದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುವಾಗ ನನಗೆ ಸಿಕ್ಕವರು ಬರೀ ಡಾಕ್ಟರುಗಳಲ್ಲ. 1950ರ ದಶಕದಲ್ಲಿ ಅಮೆರಿಕದ ಜಾನ್ ಹಾಲ್ಟರ್ ಎಂಬ ಯಂತ್ರ ಕುಶಲಿಯ ಮಗನಿಗೆ ಇದೇ ತೊಂದರೆಯಿತ್ತು; ಅವನು ಯೂಜೀನ್ ಸ್ಪಿಟ್ಜ್ ಎಂಬ ಶಸ್ತ್ರವೈದ್ಯರ ಜತೆ ಸೇರಿ ತೂಬೊಂದನ್ನು ಮಾಡಿದ. ಮಕ್ಕಳ ಪುಸ್ತಕಗಳನ್ನು ಬರೆದ ರೋಆಲ್ಡ್ ಡಾಲ್ ನಿಮಗೆ ಗೊತ್ತು. 1960ರಲ್ಲಿ ನ್ಯೂಯಾರ್ಕಿನಲ್ಲಿ ಅವರ ನಾಲ್ಕು ತಿಂಗಳ ಮಗನ ತಳ್ಳುಗಾಡಿಗೆ ಟ್ಯಾಕ್ಸಿ ಬಡಿಯಿತು. ಮಗುವಿಗೆ ಹಾಕಿದ ಶಂಟ್ ಪದೇ ಪದೇ ಕಟ್ಟುತ್ತಿತ್ತು. ಡಾಲ್ ಅವರಿಗೆ ಆಟಿಕೆ ವಿಮಾನಗಳಿಗೆ ಪುಟ್ಟ ಪಂಪು ಮಾಡುವ ಸ್ಟ್ಯಾನ್ಲಿ ವೇಡ್ ಎಂಬವರ ಪರಿಚಯವಿತ್ತು. ಅವರಿಬ್ಬರೂ ಲಂಡನ್ನಿನ ಶಸ್ತ್ರವೈದ್ಯ ಕೆನೆತ್ ಟಿಲ್ ಜತೆ ಸೇರಿ ಸುಲಭಕ್ಕೆ ಕಟ್ಟದ ತೂಬನ್ನು ರೂಪಿಸಿದರು. ಅದು ಸಿದ್ಧವಾಗುವಷ್ಟರಲ್ಲಿ ಮಗ ಸುಧಾರಿಸಿದ್ದ, ಅವನಿಗದು ಬೇಕಾಗಲೇ ಇಲ್ಲ. ಬೇರೆ ಸಾವಿರಾರು ಮಕ್ಕಳಿಗೆ ಬಂತು. ಮೂವರೂ ಅದರಿಂದ ಲಾಭ ತೆಗೆದುಕೊಳ್ಳಲಿಲ್ಲ.

ನಮ್ಮ ಹುಡುಗಿಯ ತೂಬು ಇವೆರಡೂ ಅಲ್ಲ. ಅದು ನಮ್ಮ ದೇಶದ ನರಶಸ್ತ್ರವೈದ್ಯ ಡಾ. ಛಾಬ್ರಾ ರೂಪಿಸಿದ್ದು, ಉತ್ತರ ಪ್ರದೇಶದ ಶಹಜಹಾನ್‌ಪುರದಲ್ಲಿ ತಯಾರಾಗುತ್ತದೆ. ಆಫ್ರಿಕಾದ ಉಗಾಂಡದಲ್ಲಿ ಡಾ. ಬೆಂಜಮಿನ್ ವಾರ್ಫ್ ಎಂಬವರು 195 ಮಕ್ಕಳಲ್ಲಿ ಇದನ್ನೂ ಒಂದು ದುಬಾರಿ ವಿದೇಶಿ ಶಂಟನ್ನೂ ಹೋಲಿಸಿ 2005ರಲ್ಲಿ ವರದಿ ಮಾಡಿದರು. ಒಂದು ವರ್ಷದ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಬೆಲೆ ಮಾತ್ರ ನಮ್ಮದು 35 ಡಾಲರ್, ಅದು 650. ಈ ಲೆಕ್ಕವನ್ನು ಅವಳಿಗೆ ಹೇಳಿದಾಗ ಭಾಗಿಸಿ ನೋಡಿ "ಹದಿನೆಂಟು ಪಟ್ಟಿಗಿಂತ ಜಾಸ್ತಿ ಐತೆಲ್ಲೋ ಅಜ್ಜಾ" ಎಂದಳು. ರೊಕ್ಕದ ಮಾತು ಎತ್ತಬಾರದೆಂಬ ಕರಾರನ್ನು ನಾನೇ ಮುರಿದೆ ಎಂದು ಐದು ರೂಪಾಯಿ ದಂಡವನ್ನೂ ವಸೂಲಿ ಮಾಡಿದಳು.

ಕೆಂಪು ಪುಸ್ತಕ ಈಗ ಮೂರನೆಯದು. ಬರೆಯುವವಳು ಅವಳೇ, ನನ್ನದು ಬರೀ ತಪಾಸಣೆ. ಹೋದ ತಿಂಗಳು ಪುಟ ತಿರುವಿದಾಗ ಕೊನೆಯಲ್ಲಿ ನನಗೆ ಹೇಳದೆ ಒಂದು ಹೊಸ ಕಲಮು ಸೇರಿಸಿದ್ದು ಕಂಡಿತು. ಅದರ ತಲೆಬರಹ 'ಅಜ್ಜ'. ಕೆಳಗೆ ಗುಂಡಗಿನ ಅಕ್ಷರ: "ಮಂಡಿ ನೋವು. ಲಿಂಬೆಹಣ್ಣು. ಮೆಟ್ಟಿಲು ಇಳಿಯುವಾಗ. ಯಾರಿಗೂ ಹೇಳಿಲ್ಲ."